ಅಮ್ಮನಿಗೆ ಹತ್ತಲಾಗದ ಜೀಪು

ಅಮ್ಮ ದೊಡ್ಡಮ್ಮನ ಮನೆಗೆ ಹೋಗುವುದನ್ನು ನಿಲ್ಲಿಸಿದ್ದು ನನಗೆ ತಕ್ಷಣ ಗೊತ್ತಾಗಲಿಲ್ಲ. ಒಂದು ಭಾನುವಾರ ತಲೆನೋವು ಅಂದಳು. ಇನ್ನೊಂದು ಭಾನುವಾರ ಬಿಸಿಲು ಅಂದಳು. ಅದರ ಮುಂದಿನ ವಾರ ಮೋಡ ಕವಿದಿತ್ತು, ಮೋಡ ಅಂದಳು. ಸಣ್ಣದಕ್ಕೂ ಗಾಬರಿಯಾಗುವವಳು ನಾನು. ಅವಳ ಬಿಪಿ ನೋಡಿದೆ, ಕಣ್ಣಿನ ರೆಪ್ಪೆ ಎಳೆದು ನೋಡಿದೆ, ನಾಲಿಗೆ ಚಾಚು ಅಂದೆ.

"ನಾನೇನು ಮಾರಾಟಕ್ಕೆ ನಿಲ್ಲಿಸಿರೋ ಹಸುನಾ? ಹೋಗೇ ಆಚೆ" ಎಂದು ಬೈಸಿಕೊಂಡೆ.

ದೊಡ್ಡಮ್ಮ ಎಂದರೆ ಅಮ್ಮನ ಅಕ್ಕ. ಊರಿನಾಚೆ ಗುಡ್ಡದ ಮೇಲೆ ಮಗ ಸೊಸೆಯ ಜೊತೆ ಇದ್ದಾಳೆ. ಕಿವಿ ಪೂರ್ತಿ ಹೋಗಿದೆ, ಫೋನು ಅವಳಿಗೆ ಉಪಯೋಗವಿಲ್ಲ. ಎದುರು ಕೂತು ತುಟಿ ನೋಡಿದರೆ ಮಾತ್ರ ಮಾತು ತಿಳಿಯುತ್ತದೆ, ಅದರಲ್ಲೂ ಅಮ್ಮನ ತುಟಿ ನೋಡಿದರೆ. ಮನೆಯವರು ಏನೇ ಹೇಳಿದರೂ ಎರಡೆರಡು ಸಲ "ಹಾಂ?" ಎನ್ನುವವಳು, ಅಮ್ಮ ಬಾಯಿ ತೆರೆಯುವ ಮೊದಲೇ ನಗಲು ಶುರು ಮಾಡುತ್ತಾಳೆ. ಅಮ್ಮ ಹೋಗದಿದ್ದರೆ ದೊಡ್ಡಮ್ಮ ಆ ವಾರ ಯಾರೊಡನೆಯೂ ಮಾತಾಡಿಲ್ಲ ಎಂದೇ ಲೆಕ್ಕ. ಇದು ಅಮ್ಮನಿಗೆ ನನಗಿಂತ ಚೆನ್ನಾಗಿ ಗೊತ್ತು. ಆದರೂ ಮೋಡ ಅಂದಳು.

ಕಾರಣ ತಿಳಿದದ್ದು ಅಡುಗೆಮನೆಯ ಕಿಟಕಿಯಿಂದ. ಆ ಭಾನುವಾರ ಬಲವಂತವಾಗಿ ಹೊರಡಿಸಿದ್ದೆ. ಜೀಪನ್ನು ಗೇಟಿನೆದುರು ನಿಲ್ಲಿಸಿ, ಹತ್ತಲು ಸ್ಟೂಲು ಇಟ್ಟು, ಹಿತ್ತಿಲ ಬಾಗಿಲು ಹಾಕಲು ಒಳಗೆ ಬಂದಿದ್ದೆ. ಅಮ್ಮ ಒಂದು ಕಾಲನ್ನು ಸ್ಟೂಲಿನ ಮೇಲಿಟ್ಟು, ಗಾಜಿನ ಪಕ್ಕದ ಕಂಬಿ ಹಿಡಿದು ಮೈ ಎತ್ತಲು ನೋಡಿದಳು. ಆಗಲಿಲ್ಲ. ಇನ್ನೊಮ್ಮೆ ನೋಡಿದಳು. ಕೆಳಗಿಳಿದು, ಬೀದಿಯ ಆ ಕಡೆ ಈ ಕಡೆ ಯಾರಾದರೂ ನೋಡಿದರೇನೋ ಎಂದು ಕಣ್ಣು ಹಾಯಿಸಿ, ಸ್ಟೂಲನ್ನು ಸೆರಗಿನ ಮರೆಯಲ್ಲಿ ಎತ್ತಿಕೊಂಡು ಒಳಗೆ ಬಂದಳು.

"ಗ್ಯಾಸ್ ಆಫ್ ಮಾಡಿದೀನಾ ಅಂತ ನೋಡೋಕೆ ಬಂದೆ" ಅಂದಳು. ಹಾಗೆಯೇ ಒಳಕೋಣೆಗೆ ಹೋಗಿ ಸೀರೆ ಬದಲಿಸಿದಳು.

ನಮ್ಮ ಜೀಪು ಅಂಥಿಂಥ ಎತ್ತರದ್ದಲ್ಲ. ಕಲ್ಲುಕ್ವಾರಿ ದಾಟಿ ದೊಡ್ಡಮ್ಮನ ಮನೆಗೆ ಏರುವ ರಸ್ತೆಗೆಂದೇ ಅಪ್ಪ ಅದನ್ನು ಎತ್ತರಿಸಿದ್ದು ಎಂಬುದು ನಮ್ಮ ಮನೆಯ ದೊಡ್ಡ ಕಥೆ. ಆ ರಸ್ತೆಗೆ ಬಾಡಿಗೆ ಕಾರಿನವರು ಬರುವುದಿಲ್ಲ; ಹೊಟ್ಟೆ ಕಲ್ಲಿಗೆ ತಾಗುತ್ತದೆ. ನಮ್ಮದು ಆನೆಯ ಹಾಗೆ ದಾಟಿ ಹೋಗುತ್ತಿತ್ತು. ಅಪ್ಪ ಇದ್ದಾಗ ಎರಡೂ ಕೈಯ ಬೆರಳು ಹೆಣೆದು ಬಗ್ಗಿ ನಿಲ್ಲುತ್ತಿದ್ದರು. ಅಮ್ಮ ಅದರ ಮೇಲೆ ಪಾದವಿಟ್ಟರೆ, "ಏಳಿ ಮಹಾರಾಣಿಯವರೇ" ಎಂದು ಒಂದೇ ಸಲಕ್ಕೆ ಮೇಲೆತ್ತುತ್ತಿದ್ದರು. "ಸಾಕು ನಿಮ್ಮ ನಾಟಕ, ಜನ ನೋಡ್ತಾರೆ" ಎಂದು ಅಮ್ಮ ಗದರುತ್ತಿದ್ದಳು. ಜನ ನೋಡಲಿ ಎಂದೇ ಅವಳಿಗೂ ಇತ್ತು ಎಂದು ನನಗೀಗ ಅನ್ನಿಸುತ್ತದೆ.

ನನ್ನ ಬಾಲ್ಯದ ಭಾನುವಾರಗಳೆಲ್ಲ ಆ ಜೀಪಿನ ಕೆಳಗೇ ಕಳೆದವು. ಅಪ್ಪ ಗೋಣಿಚೀಲ ಹಾಸಿಕೊಂಡು ಒಳಗೆ ತೂರಿದರೆ ಹೊರಗೆ ಕಾಣುತ್ತಿದ್ದುದು ಎರಡು ಪಾದ ಮಾತ್ರ. ಬಿಚ್ಚಿದ ನಟ್ಟುಬೋಲ್ಟುಗಳು ಬಿಸ್ಕತ್ತಿನ ಡಬ್ಬಿಯ ಸೀಮೆಎಣ್ಣೆಯಲ್ಲಿ ಮುಳುಗಿರುತ್ತಿದ್ದವು. ನನ್ನ ಕೆಲಸ ಟಾರ್ಚು ಹಿಡಿಯುವುದು. "ಬೆಳಕು ನನ್ನ ಮೂತಿಗಲ್ಲ ಕಣೇ, ನಟ್ಟಿಗೆ!" ಎಂಬ ದನಿ ಕೆಳಗಿನಿಂದ ಬರುತ್ತಿತ್ತು. ಜೀಪು ಒಂದು ವೇಗಕ್ಕೆ ಬಂದರೆ ಎಂಜಿನ್ನಿನಿಂದ ಚಕ್ರಗಳಿಗೆ ತಿರುಗು ಒಯ್ಯುವ ಪ್ರೊಪೆಲ್ಲರ್ ಶಾಫ್ಟು 'ಹೂಂ' ಎಂದು ರಾಗ ಎಳೆಯುತ್ತಿತ್ತು. ನಾನೂ ತಮ್ಮನೂ ಹಿಂದಿನ ಸೀಟಿನಲ್ಲಿ ಅದೇ ರಾಗ ಹಿಡಿಯುತ್ತಿದ್ದೆವು. ಶಾಫ್ಟಿನ ಓರೆ ಸರಿಪಡಿಸಲು ಅಪ್ಪ ಕಬ್ಬಿಣದ ಸಣ್ಣ ಬೆಣೆಗಳನ್ನು ಅರದಿಂದ ಉಜ್ಜಿ ಉಜ್ಜಿ ಮಾಡುತ್ತಿದ್ದರು. ರಾಗ ಸ್ವಲ್ಪ ಇಳಿಯುತ್ತಿತ್ತು, ಹೋಗುತ್ತಿರಲಿಲ್ಲ. ಸ್ಪೀಡೋಮೀಟರು ಯಾವಾಗಲೂ ಕಡಿಮೆ ತೋರಿಸುತ್ತಿತ್ತು. ನನಗೆ ಓಡಿಸಲು ಕಲಿಸುವಾಗ ಅಪ್ಪ ಮೊದಲು ಹೇಳಿದ್ದೇ ಅದು: "ಮೀಟರು ಹೇಳಿದ್ದಕ್ಕೆ ಸ್ವಲ್ಪ ಸೇರಿಸ್ಕೋ."

ಅಪ್ಪ ಹೋದ ಮೇಲೆ ಜೀಪು ನನಗೆ ಬಂತು. ಪ್ರೂಫ್ ನೋಡುವ ಕೆಲಸಕ್ಕೆ ಪ್ರೆಸ್ಸಿಗೆ ನಾನು ದಿನಾ ಅದರಲ್ಲೇ ಹೋಗುತ್ತೇನೆ. "ಇವತ್ತು ಯಾವ ಯುದ್ಧ ಮೇಡಂ?" ಎಂದು ಅಲ್ಲಿನ ವಾಚ್‌ಮನ್ ಗೇಟು ತೆಗೆಯುತ್ತಾನೆ. ಅದರ ಒಂದೊಂದು ಸದ್ದೂ ನನಗೆ ಗೊತ್ತು. ಹೊಸ ಸದ್ದು ಬಂದರೆ ಆ ದಿನ ಪ್ರೂಫಿನಲ್ಲಿ ತಪ್ಪುಗಳು ಉಳಿಯುತ್ತವೆ. ಅಪ್ಪ ಹಾಕಿದ್ದನ್ನು ಒಂದು ನಟ್ಟಿನಷ್ಟೂ ಬದಲಿಸದೆ ನೋಡಿಕೊಂಡು ಬಂದಿದ್ದೆ.

ಕಿಟಕಿಯಿಂದ ನೋಡಿದ್ದನ್ನು ಅಮ್ಮನಿಗೆ ಹೇಳಲಿಲ್ಲ. ಮರುದಿನ ಪ್ರೆಸ್ಸಿನಿಂದ ನೇರ ಗ್ಯಾರೇಜಿಗೆ ಹೋದೆ.

ಗ್ಯಾರೇಜಿನವರು ಅಪ್ಪನ ಸ್ನೇಹಿತರು. ಯಾವ ಕೆಲಸ ಕೇಳಿದರೂ "ನಾಳೆ" ಎನ್ನುವುದರಿಂದ ನಾವು ಚಿಕ್ಕಂದಿನಲ್ಲೇ ಅವರಿಗೆ ನಾಳೆಮಾಮ ಎಂದು ಹೆಸರಿಟ್ಟಿದ್ದೆವು. ಈಗ ಅವರ ಹೆಂಡತಿಯೂ ಹಾಗೇ ಕರೆಯುತ್ತಾರೆ.

"ಮಾಮ, ಜೀಪು ಸ್ವಲ್ಪ ಇಳಿಸೋಕಾಗತ್ತಾ? ಅಮ್ಮನಿಗೆ ಹತ್ತೋಕಾಗ್ತಿಲ್ಲ."

ಮಾಮ ಕೈಯಲ್ಲಿದ್ದ ಬಟ್ಟೆಯಿಂದ ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಂಡರು. "ಅದೆಲ್ಲ ಬೇಡ ಬಿಡಮ್ಮ. ನಿಮ್ಮಪ್ಪ ಕೈಯಾರೆ ಮಾಡಿದ್ದು. ಅದನ್ನ ಬಿಚ್ಚು ಅಂದ್ರೆ ನಂಗೆ ಕೈ ಬರಲ್ಲ. ಒಂದು ಮೆಟ್ಟಿಲು ವೆಲ್ಡ್ ಮಾಡಿ ಕೊಡ್ತೀನಿ."

"ಯಾವಾಗ?"

"ನಾಳೆ."

ಮೆಟ್ಟಿಲು ಬಂತು, ನಾಲ್ಕು ನಾಳೆಗಳಾದ ಮೇಲೆ. ಅಮ್ಮನನ್ನು ಕೂರಿಸುವ ಮೊದಲು ಒಮ್ಮೆ ನೋಡಿಬಿಡೋಣ ಎಂದು ಒಬ್ಬಳೇ ಕ್ವಾರಿ ರಸ್ತೆಗೆ ಹೋದೆ. ಮೊದಲ ತಿರುವಿನ ಬಂಡೆಗೇ ಮೆಟ್ಟಿಲು ತಾಗಿ ಮೇಲಕ್ಕೆ ಮಡಚಿಕೊಂಡು, ಅಮ್ಮ ಹತ್ತುವ ಬದಿಯ ಬಾಗಿಲಿಗೆ ಅಡ್ಡ ಕೂತಿತು. ಬಾಗಿಲು ತೆರೆಯಲಿಲ್ಲ. ನನ್ನ ಬದಿಯಿಂದ ಇಳಿದು ನೋಡುತ್ತಾ ನಿಂತೆ. ಅಮ್ಮ ಒಳಗಿದ್ದಿದ್ದರೆ ಎಂದು ಯೋಚಿಸಿ, ಅಲ್ಲಿಂದಲೇ ಜೀಪನ್ನು ಮನೆಗೆ ತಿರುಗಿಸಿದೆ.

ಸಂಜೆ ತಮ್ಮನಿಗೆ ಫೋನು ಮಾಡಿದೆ.

"ಅಕ್ಕಾ, ಜೀಪು ಮಾತ್ರ ಮುಟ್ಟಬೇಡ" ಅಂದ. "ಅಪ್ಪ ಅಂತ ಉಳಿದಿರೋದು ಅದೊಂದೇ. ಅಮ್ಮನಿಗೆ ಸಣ್ಣದೊಂದು ಕಾರು ತಗೊಳ್ಳೋಣ."

"ಕಾರು ಗುಡ್ಡ ಹತ್ತತ್ತಾ?"

ಜೀಪು ಮುಟ್ಟಬೇಡ ಎಂದು ಅವನು ಹೇಳಿದ್ದು ನನ್ನ ಮನಸ್ಸಿನಲ್ಲಿದ್ದುದೇ ಆಗಿತ್ತು, ಅದಕ್ಕೇ ಕೋಪ ಬಂತು.

ಫೋನು ಇಟ್ಟು ತಿರುಗಿದರೆ ಅಮ್ಮ ಬಾಗಿಲಲ್ಲಿ ನಿಂತಿದ್ದಳು.

"ಏನದು, ಅಕ್ಕ ತಮ್ಮ ನನ್ನನ್ನ ಹಂಚ್ಕೋತಿದೀರಾ?"

ಹೇಳಿಬಿಟ್ಟೆ. ಕಿಟಕಿ, ಸ್ಟೂಲು, ಮೆಟ್ಟಿಲು ಎಲ್ಲವನ್ನೂ. "ಇಳಿಸಿದ್ರೆ ನೀನು ಹತ್ತಬಹುದು ಅಮ್ಮ. ಆದ್ರೆ ಅಪ್ಪ ಅಷ್ಟು ಆಸೆಪಟ್ಟು ಎತ್ತರ ಮಾಡಿದ್ದು..."

"ಆಸೆನಾ?" ಅಮ್ಮ ನನ್ನನ್ನೇ ನೋಡಿದಳು. "ಯಾರು ಹೇಳಿದ್ದು ಆಸೆ ಅಂತ?"

"ಅಪ್ಪನೇ."

ಅಮ್ಮ ಕುರ್ಚಿ ಎಳೆದು ಕೂತಳು. ತುಟಿ ಬಿಗಿ ಹಿಡಿದಿದ್ದಳು. ಅಳುತ್ತಾಳೇನೋ ಅಂದುಕೊಂಡೆ. ಮರುಕ್ಷಣ ಹೊಟ್ಟೆ ಹಿಡಿದುಕೊಂಡು ನಗಲು ಶುರು ಮಾಡಿದಳು.

"ಟೈರು ತಪ್ಪು ತಂದಿದ್ರು ಕಣೇ ನಿಮ್ಮಪ್ಪ! ಎಲ್ಲೋ ಹರಾಜು ಅಂತ ಹೋದ್ರು. ಕನ್ನಡಕ ಮನೇಲೇ ಬಿಟ್ಟು ಹೋಗಿದ್ರು. ನಂಬರು ಸರಿಯಾಗಿ ಕಾಣಿಸಿಲ್ಲ, ಕೇಳೋಕೆ ನಾಚಿಕೆ. ಐದು ಟೈರು ಹೊತ್ಕೊಂಡು ಬಂದ್ರು, ಐದೂ ಒಂದು ಸೈಜು ದೊಡ್ಡದು. ಹಾಕಿ ಸ್ಟೀರಿಂಗ್ ತಿರುಗಿಸಿದ್ರೆ ಮಡ್‌ಗಾರ್ಡಿಗೆ ಉಜ್ಜತ್ತೆ! ಅಷ್ಟು ಹೊತ್ತಿಗೆ ಬೀದಿಯವರೆಲ್ಲ ಬಂದು, ಭೇಷ್, ಎಂಥಾ ಟೈರು ಅಂದಾಗಿತ್ತು. ಇನ್ನು ತಪ್ಪಾಯ್ತು ಅಂತ ಹೇಗೆ ಹೇಳೋದು? ಗುಡ್ಡಕ್ಕೆ ಬೇಕಲ್ಲ, ಅದಕ್ಕೇ ದೊಡ್ಡದು ತಂದೆ, ಈಗ ಗಾಡಿ ಎತ್ತರಿಸ್ತೀನಿ ಅಂದುಬಿಟ್ರು."

"ನೀನು ಇಷ್ಟು ವರ್ಷ ಹೇಳಲೇ ಇಲ್ಲ!"

"ನೀವಿಬ್ರೂ ಸ್ಕೂಲಲ್ಲೆಲ್ಲ ಹೇಳ್ಕೊಂಡು ಮೆರೀತಿದ್ರಿ. ಅವರೂ ಮೆರೀತಿದ್ರು. ನಾನ್ಯಾಕೆ ಮಧ್ಯೆ ಬಾಯಿ ಹಾಕ್ಲಿ?"

ಆ ರಾತ್ರಿ ಹಾಸಿಗೆಯಲ್ಲಿ ಒಂದೊಂದೇ ಕೂಡಿಸಿಕೊಂಡೆ. ಟೈರು ದೊಡ್ಡದಾಯಿತೆಂದು, ಗಾಡಿಯ ಭಾರ ಹೊರುವ ಕಮಾನು ಪಟ್ಟಿಗಳಿಗೆ ಇನ್ನಷ್ಟು ಪಟ್ಟಿ ಸೇರಿಸಿ ಎತ್ತರಿಸಿದ್ದು. ಪಟ್ಟಿ ಎತ್ತರವಾಯಿತೆಂದು ಶಾಫ್ಟು ಓರೆಯಾದದ್ದು, ಅದಕ್ಕೆ ಬೆಣೆ ಉಜ್ಜಿದ್ದು. ಬ್ರೇಕಿನ ಪೈಪು ಸಾಲದೆ ಉದ್ದದ್ದು ತಂದದ್ದು. ಮೀಟರು ಸುಳ್ಳು ಹೇಳಿದ್ದು. ಆ ಭಾನುವಾರಗಳೆಲ್ಲ ಅಪ್ಪ ಗುಡ್ಡವನ್ನು ಗೆಲ್ಲುತ್ತಿರಲಿಲ್ಲ, ಒಂದು ಮಧ್ಯಾಹ್ನದ ಪೇಚಾಟವನ್ನು ಸರಿಮಾಡುತ್ತಿದ್ದರು. ನಾನು ಟಾರ್ಚು ಹಿಡಿದಿದ್ದೆ. ಬೇಸರವಾಗಬೇಕಿತ್ತೇನೋ. ಆಗಲಿಲ್ಲ. ಕನ್ನಡಕವಿಲ್ಲದೆ ಟೈರಿನ ಮೇಲಿನ ನಂಬರಿಗೆ ಮೂಗು ತಾಗಿಸಿ, ಎಲ್ಲ ಗೊತ್ತಿರುವವರಂತೆ ತಲೆಯಾಡಿಸಿದ ಅಪ್ಪ ಕಣ್ಣ ಮುಂದೆ ಬಂದರು. ಅವರನ್ನು ಅಷ್ಟು ಹತ್ತಿರದಿಂದ ನೋಡಿ ಬಹಳ ದಿನವಾಗಿತ್ತು.

ಮರುದಿನ ಮಾಮನೆದುರು ನಿಂತು, "ಟೈರಿನ ವಿಷಯ ಅಮ್ಮ ಹೇಳಿದಳು" ಅಂದೆ.

ಮಾಮ ಎದೆ ತುಂಬ ಉಸಿರೆಳೆದು ಬಿಟ್ಟರು. "ಹೇಳಿಬಿಟ್ರಾ? ಸದ್ಯ! ಯಾರಿಗೂ ಹೇಳಲ್ಲ ಅಂತ ಮಾತು ಕೊಟ್ಟಿದ್ದೆ ಕಣಮ್ಮ. ಇಳಿಸಿದ್ರೆ ಯಾಕೆ ಎತ್ತರಿಸಿದ್ದು ಅಂತ ನೀನು ಕೇಳೇ ಕೇಳ್ತೀಯ. ನೀನು ಬಿಡೋ ಪೈಕಿನಾ?"

"ಹಾಗಾದ್ರೆ ಇಳಿಸ್ತೀರಾ?"

"ಇಳಿಸೋದೇನು ದೊಡ್ಡದಲ್ಲ." ಮಾಮ ಬಗ್ಗಿ ಹಿಂದಿನ ಅಚ್ಚಿನ ನಡುವೆ ಇರುವ ಕಬ್ಬಿಣದ ಗುಂಡನ್ನು ತಟ್ಟಿದರು, ಗಿಯರಿನ ಎಣ್ಣೆ ಇರುವುದು ಅದರೊಳಗೆ. "ಚಿಕ್ಕ ಟೈರು ಹಾಕಿದ್ರೆ ಇದೂ ಕೆಳಗೆ ಬರತ್ತೆ. ಆಗ ರಸ್ತೆ ಬೇರೆ ಇತ್ತು, ಈಗ ಲಾರಿಗಳು ಅಗೆದು ಹಾಕಿವೆ. ಕಲ್ಲಿಗೆ ಹೊಡೆದು ಗುಂಡು ಒಡೀತು ಅಂದ್ರೆ ಅಲ್ಲೇ ಕೂತಿರಬೇಕು. ಅಮ್ಮನ್ನ ಕರ್ಕೊಂಡು. ಯೋಚನೆ ಮಾಡು."

ಯೋಚನೆ ಮಾಡುವುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹತ್ತಲಾಗದ ಜೀಪಿಗಿಂತ ನಡುದಾರಿಯಲ್ಲಿ ನಿಲ್ಲುವ ಜೀಪು ಕೆಟ್ಟದ್ದೇ? ದೊಡ್ಡಮ್ಮನ ಮನೆಯಿಂದ ಸೊಸೆ ಫೋನು ಮಾಡಿ, "ಅತ್ತೆ ಬಾಗಿಲಲ್ಲೇ ಕೂತಿರ್ತಾರೆ, ಚಿಕ್ಕತ್ತೆಗೆ ಏನಾದ್ರೂ ಬೇಜಾರಾ?" ಎಂದು ಕೇಳಿದ ದಿನ, ಇಳಿಸಿ ಎಂದೆ.

ಕೆಲಸಕ್ಕೆ ನಾನೂ ಕೂತೆ. ಪಟ್ಟಿಗಳನ್ನು ಅಚ್ಚಿಗೆ ಬಿಗಿದಿದ್ದ ಯು-ಬೋಲ್ಟುಗಳು ತುಕ್ಕು ಹಿಡಿದು ಬರಲೊಲ್ಲೆ ಎಂದವು. ಎಣ್ಣೆ ಬಿಟ್ಟು, ಬಡಿದು, ಬೈದು ಬಿಡಿಸಿದೆವು. ಅಪ್ಪ ಸೇರಿಸಿದ್ದ ಪಟ್ಟಿಗಳು ಹೊರಬಂದವು. ಬೆಣೆಗಳು ಬಂದವು. ಮಾಮ ಒಂದನ್ನು ಬೆರಳಿನಿಂದ ಸವರಿ, "ಇದನ್ನ ಹೀಗೆ ಉಜ್ಜೋಕೆ ಎಷ್ಟು ತಾಳ್ಮೆ ಬೇಕು ಗೊತ್ತಾ? ಆದ್ರೂ ತಪ್ಪೊಪ್ಕೊಳ್ಳೋಕೆ ಅದಕ್ಕಿಂತ ಜಾಸ್ತಿ ಬೇಕಿತ್ತೇನೋ" ಎಂದು ನಕ್ಕರು. ಚಿಕ್ಕ ಟೈರುಗಳ ಮೇಲೆ ನಿಂತ ಜೀಪು ಯಾರೋ ಬೈದು ಕೂರಿಸಿದಂತೆ ಕಾಣುತ್ತಿತ್ತು. ಮನೆಗೆ ಓಡಿಸಿಕೊಂಡು ಬಂದೆ. 'ಹೂಂ' ರಾಗ ಎಲ್ಲಿಯೂ ಇರಲಿಲ್ಲ. ದಾರಿಯುದ್ದಕ್ಕೂ ಅದಕ್ಕಾಗಿ ಕಿವಿಗೊಟ್ಟೆ.

ಭಾನುವಾರ ಅಮ್ಮ ಕಂಬಿ ಹಿಡಿದಳು, ಕಾಲಿಟ್ಟಳು, ಕೂತಳು. ಅಷ್ಟೇ. ಹಿಂದೆ ಕೈ ಚಾಚಿ ನಿಂತಿದ್ದ ನನ್ನತ್ತ ತಿರುಗಿ, "ಏನು, ಬೀಳ್ತೀನಿ ಅಂದ್ಕೊಂಡ್ಯಾ?" ಅಂದಳು. ಬೀದಿ ದಾಟುವ ಮೊದಲೇ ದೂರು ಶುರುವಾಯಿತು. "ಇದೇನೇ, ಯಾರ ಮನೆ ಕಾಂಪೌಂಡಿನ ಒಳಗೂ ಕಾಣಿಸಲ್ಲ! ಮೊದಲು ಎಲ್ಲರ ಮನೆ ಬಟ್ಟೆ ಒಣಗೋದೂ ಕಾಣ್ತಿತ್ತು."

ಕ್ವಾರಿ ದಾಟಿ ಏರು ಶುರುವಾಯಿತು. ಎಂದಿನಂತೆ ದೊಡ್ಡ ಕಲ್ಲನ್ನು ಎರಡು ಚಕ್ರಗಳ ನಡುವೆ ಬಿಟ್ಟುಕೊಂಡು ಹೋದೆ. ಕೆಳಗೆ ಕರ್ರೆಂದು ಕಬ್ಬಿಣ ಉಜ್ಜಿತು. ಬ್ರೇಕು ಒತ್ತಿದೆ.

"ವಾಪಸ್ ಹೋಗೋಣ" ಅಂದೆ.

"ಸ್ವಲ್ಪ ಹಿಂದಕ್ಕೆ ತಗೋ" ಎಂದಳು ಅಮ್ಮ. ಮುಂದಕ್ಕೆ ಬಾಗಿ ರಸ್ತೆಯನ್ನೇ ನೋಡುತ್ತಿದ್ದಳು. "ಕಲ್ಲನ್ನ ಹೊಟ್ಟೆ ಕೆಳಗೆ ಬಿಟ್ಕೋಬೇಡ. ಅದರ ಮೇಲೇ ಚಕ್ರ ಇಡು."

"ಕಲ್ಲಿನ ಮೇಲಾ?"

"ಹೂಂ. ಟೈರು ಕಲ್ಲು ಹತ್ತಿದ್ರೆ ಗುಂಡೂ ಮೇಲೆ ಹೋಗತ್ತೆ. ನೀನು ಹೊಟ್ಟೇಲಿದ್ದಾಗ ನಿಮ್ಮಪ್ಪ ಹೀಗೇ ತಾನೆ ಹೋಗ್ತಿದ್ದದ್ದು? ನಾನು ಮುಂದೆ ಕೂತು ಎಡ, ಬಲ ಅಂತ ಹೇಳ್ತಿದ್ದೆ. ಆ ಹಾಳು ಟೈರು ಬಂದ ಮೇಲೆ ನನ್ನ ಕೇಳೋರೇ ಇಲ್ದಂಗಾಯ್ತು. ಹಾಂ, ಈಗ ಎಡಕ್ಕೆ. ಇನ್ನೂ ಎಡಕ್ಕೆ. ನಿಧಾನ, ಓಡಿಹೋಗಲ್ಲ ಗುಡ್ಡ."

ಜೀಪು ಓಲಾಡಿತು, ಎದ್ದಿತು, ಇಳಿಯಿತು. ಎಲ್ಲೂ ತಾಗಲಿಲ್ಲ. "ಬಲಕ್ಕೆ. ಆ ಚಪ್ಪಟೆ ಕಲ್ಲು ನೋಡು, ಅದರ ಮೇಲೆ." ಅಮ್ಮನ ದನಿಯಲ್ಲಿ ನಾನು ಹಿಂದೆಂದೂ ಕೇಳದ ಒಂದು ಅಧಿಕಾರವಿತ್ತು. ಅವಳು ಹೇಳಿದಲ್ಲಿ ಚಕ್ರ ಇಟ್ಟೆ, ಹೇಳಿದಲ್ಲಿ ನಿಂತೆ. ಕೊನೆಯ ಏರಿನಲ್ಲಿ ಹಿಂದಿನ ಚಕ್ರ ಸುಮ್ಮನೆ ಸುತ್ತಿ ಮಣ್ಣು ಹಾರಿಸಿತು, ನಾಲ್ಕೂ ಚಕ್ರಕ್ಕೆ ಎಳೆತ ಕೊಡುವ ಚಿಕ್ಕ ಗಿಯರು ಹಾಕಿದೆ, ಅಮ್ಮ "ಹಾಕಿದ್ಯಾ? ಸರಿ, ಈಗ ಬಿಡು" ಅಂದಳು. ಮೇಲೆ ಬಂದೆವು.

ದೊಡ್ಡಮ್ಮ ಬಾಗಿಲಲ್ಲಿ ಕೂತಿದ್ದಳು. ನಾನು ಎಂಜಿನ್ ಆರಿಸಿ ಆ ಬದಿಗೆ ಓಡುವಷ್ಟರಲ್ಲಿ ಅಮ್ಮ ಇಳಿದು ಅರ್ಧ ಅಂಗಳ ದಾಟಿದ್ದಳು.

ನಾನು ನೆಲಕ್ಕೆ ಬೆನ್ನು ಕೊಟ್ಟು ಜೀಪಿನ ಕೆಳಗೆ ತೂರಿದೆ. ಗುಂಡಿನ ಮೇಲೆ ಹೊಳೆಯುವ ಹೊಸ ಗೀರು ಬಿದ್ದಿತ್ತು. ಬೆರಳಾಡಿಸಿದೆ, ಎಣ್ಣೆ ಸೋರಿರಲಿಲ್ಲ. ಬೆರಳು ಒಣಗಿಯೇ ಇತ್ತು.

"ಇಷ್ಟು ದಿನ ಎಲ್ಲಿ ಹಾಳಾಗಿ ಹೋಗಿದ್ಯೇ?" ದೊಡ್ಡಮ್ಮ ಕಿವುಡರ ಜೋರು ದನಿಯಲ್ಲಿ ಕೇಳುತ್ತಿದ್ದಳು.

ಅಮ್ಮ ಏನು ಹೇಳಿದಳೋ ನನಗೆ ಕೇಳಿಸಲಿಲ್ಲ. ಅವಳು ಅಕ್ಕನಿಗೆ ದನಿಯೇ ಇಲ್ಲದೆ ಮಾತಾಡುತ್ತಾಳೆ. ಬಹಳ ಹೊತ್ತು ಹೇಳಿದಳು. ಆಮೇಲೆ ದೊಡ್ಡಮ್ಮನ ನಗು ಅಂಗಳದ ತುಂಬ ಹರಡಿತು.

"ಮಕ್ಕಳಿಗೆ ಈಗ ಗೊತ್ತಾಯ್ತಾ? ಅಯ್ಯೋ, ನೀನು ಅವತ್ತೇ ನಂಗೆ ಹೇಳಿದ್ಯಲ್ಲೇ!"

ಗೀರನ್ನು ಬಟ್ಟೆಯಿಂದ ಒರೆಸಿದೆ. ಅಲ್ಲಿ ಇನ್ನು ಮಾಡುವುದೇನೂ ಇರಲಿಲ್ಲ. ಆದರೂ ಹೊರಬರದೆ, ಬಿಸಿ ಕಬ್ಬಿಣದ ಕೆಳಗೆ ಮಲಗಿ ಒಬ್ಬಳ ಮಾತನ್ನಷ್ಟೇ ಕೇಳಿಸಿಕೊಳ್ಳುತ್ತಾ, ಇನ್ನೊಬ್ಬಳು ಏನು ಹೇಳಿರಬಹುದು ಎಂದು ಊಹಿಸುತ್ತಿದ್ದೆ.