ಶಿವಕಾಂತಾಳ ಅಳ್ಳಿನ ಗಡಿಗೆ

ನಾಗರ ಪಂಚಮಿಗೆ ಗಂಡನ ಮನೆ ಜಳಕೋಟದಿಂದ ಬಂದಿದ್ದ ಮಗಳು ಸ್ವಪ್ನಾಲಿ ನಾಳೆ ಮುಂಜಾನೆಯ ಬಸ್ಸಿಗೆ ಹೊರಟಿದ್ದಳು. ಅಷ್ಟರೊಳಗೆ ಅವಳ ಉಡಿಗೆ ತಾಯಿ ಬೆಳೆದ ಕಾಳನ್ನು ಹುರಿದು ಅರಳಿಸಿದ ಅಳ್ಳು ಹಾಕಬೇಕು. ಮನ್ಮಥಪ್ಪನ ತಲೆಯಲ್ಲಿ ಬೇರೇನೂ ಇರಲಿಲ್ಲ.

ಹೆಂಡತಿ ಶಿವಕಾಂತಾ ತೀರಿಕೊಂಡದ್ದು ಶಿವರಾತ್ರಿಯ ಹಿಂದಿನ ವಾರ. ತಮ್ಮೂರು ತುರೋರಿಯ ಹೊಲದಲ್ಲಿ ತೊಗರಿಯ ಬದಿಗೆ ವರ್ಷವೂ ಎರಡು ಸಾಲು ಅಳ್ಳಿನ ಮೆಕ್ಕೆಜೋಳ ಹಾಕುತ್ತಿದ್ದವಳು ಅವಳೇ. ಗೇಣುದ್ದವೂ ಇಲ್ಲದ ತೆನೆ, ಕಲ್ಲಿನಂಥ ಕಾಳು. ಬರಿಗೈಲಿ ಬಿಡಿಸಿದರೆ ಹೆಬ್ಬೆರಳು ಸುಲಿಯುತ್ತದೆಂದು, ಹೆದ್ದಾರಿಯ ವೆಲ್ಡಿಂಗ್ ಅಂಗಡಿಯಲ್ಲಿ ಪೈಪಿನ ತುಂಡೊಂದಕ್ಕೆ ಒಳಗಡೆ ನಾಲ್ಕು ಹಲ್ಲು ಕೂಡಿಸಿಕೊಂಡು ಬಂದಿದ್ದಳು. ತೆನೆ ತೂರಿಸಿ ತಿರುವಿದರೆ ಸಾಕು, ಕಾಳು ಉದುರುತ್ತಿತ್ತು.

ಮನ್ಮಥಪ್ಪ ಪಡಸಾಲೆಯಲ್ಲಿ ಕೂತು ಅದನ್ನೇ ತಿರುವುತ್ತಿದ್ದ.

"ಸಣ್ಣ ತುದಿ ಮೊದಲ ಹಾಕಪ್ಪಾ," ಎಂದಳು ಸ್ವಪ್ನಾಲಿ. "ಅವ್ವ ನಿನಗ ಇದನ್ನ ಮುಟ್ಟಲಿಕ್ಕೇ ಕೊಟ್ಟಿಲ್ಲ ಕಾಣಸ್ತದ."

"ಹೊಲ ನಿಂದು, ಗಡಿಗಿ ನಂದು ಅಂತಿದ್ದಳು. ನಾ ಎದಕ್ಕ ನಡುವ ಹೋಗ್ಲಿ?"

ಸಾವಾದ ವರ್ಷ ಆ ಮನೆಯಲ್ಲಿ ಹಬ್ಬದ ಕಡಾಯಿ ಇಡುವಂತಿಲ್ಲ. ಬಿಡಿಸಿದ ಕಾಳನ್ನು ಮೊರದಲ್ಲಿ ಹಾಕಿಕೊಂಡು ಇಬ್ಬರೂ ಪಕ್ಕದ ಮಾಳಮ್ಮನ ಮನೆಗೆ ಹೋದರು. ಅವಳ ಗಂಡ ಕುರಿ ಹೊಡೆದುಕೊಂಡು ಹೋಗಿದ್ದ; ಒಲೆ ಉರಿಯುತ್ತಿತ್ತು. ಮಾಳಮ್ಮ ಒಂದು ಹಿಡಿ ಕಾಳನ್ನು ಕಾದ ಕಡಾಯಿಗೆ ಹಾಕಿ ಬಟ್ಟೆಯ ಸಿಂಬಿಯಿಂದ ಆಡಿಸಿದಳು.

ಒಂದು ಅರಳಿತು. ಇನ್ನೊಂದು. ಉಳಿದವು ಕಪ್ಪಗಾಗಿ ಹೊಗೆಯಾಡಿದವು. ಎರಡನೆಯ ಹಿಡಿಯೂ ಹಾಗೇ.

"ಎಲ್ಲಿ ಇಟ್ಟಿದ್ರಿ ಮಾಮಾ ಇದನ್ನ?"

"ಬಿಸಿಲಾಗ, ತಗಡಿನ ಮ್ಯಾಲೆ. ಬ್ಯಾಸಿಗಿ ಪೂರಾ ಒಣಗಿಸೀನಿ. ನುಸಿ ಹತ್ತಬಾರದು ಅಂತ."

ತೊಗರಿಯನ್ನು ಅವನು ನಲವತ್ತು ವರ್ಷ ಹಾಗೇ ಒಣಗಿಸಿದ್ದ, ಹಲ್ಲಿಗಿಟ್ಟರೆ ಕಟಕ್ ಅನ್ನುವ ತನಕ. ಒಂದು ಕಾಳೂ ಕೆಟ್ಟಿರಲಿಲ್ಲ.

ಮಾಳಮ್ಮ ಕಡಾಯಿ ಇಳಿಸಿದಳು. "ಅಳ್ಳಿನ ಕಾಳಿನಾಗ ಒಂಚೂರು ಹಸಿ ಇರಬೇಕ್ರಿ. ಶಿವಕಾಂತಕ್ಕ ನೆರಳಾಗ ಇಡ್ತಿದ್ದಳು. ಅತಿ ಒಣಗಿದ್ರ ನೀರು ಚಿಮುಕಿಸಿ, ಗಡಿಗಿಗಿ ಹಾಕಿ, ಬಾಯಿಗಿ ಹಸಿ ಬಟ್ಟಿ ಕಟ್ತಿದ್ದಳು."

"ಎಷ್ಟು ದಿನ?"

"ಅದನ್ನ ನಾ ಕೇಳಲಿಲ್ಲ."

ಮನ್ಮಥಪ್ಪ ಮಗಳ ಕಡೆ ನೋಡಿದ. ಅವಳು ತಲೆ ಅಲ್ಲಾಡಿಸಿದಳು. "ನಿನಗ ಗೊತ್ತಿರಬೇಕು ಅಂದಕೊಂಡಿದ್ದೆ ಅಪ್ಪಾ."

ಅವನೂ ಮಗಳಿಗೆ ಗೊತ್ತಿದ್ದೀತು ಅಂದುಕೊಂಡಿದ್ದ.

ಸ್ವಪ್ನಾಲಿ ಅರಳಿದ ಏಳೆಂಟನ್ನು ಆರಿಸಿ ಸೆರಗಿನ ತುದಿಗೆ ಕಟ್ಟಿಕೊಂಡಳು. ಸುಟ್ಟದ್ದೊಂದನ್ನು ಬಾಯಿಗೆ ಹಾಕಿ ಮೆಲ್ಲಗೆ ಕಡಿದಳು.

ಮರುದಿನ ಅವಳನ್ನು ಬಸ್ಸಿಗೆ ಹತ್ತಿಸಿ ಬಂದ ಮನ್ಮಥಪ್ಪ, ಉಳಿದ ಕಾಳಿಗೆ ನೀರು ಚಿಮುಕಿಸಿ ಗಡಿಗೆಗೆ ಸುರಿದ. ಶಿವಕಾಂತಾಳ ಹಳೆಯ ಸೀರೆಯಿಂದ ಒಂದು ತುಂಡು ಹರಿದು, ತೋಯಿಸಿ, ಬಾಯಿಗೆ ಕಟ್ಟಿದ. ಗಂಟು ಜಾರಿತು. ಮತ್ತೆ ಕಟ್ಟಿದ. ಆಮೇಲೆ ಗಡಿಗೆಯ ಎದುರಿಗೇ ಕೂತ. ಯಾವತ್ತು ಬಿಚ್ಚಬೇಕೆಂದು ಕೇಳಲು ಆ ಮನೆಯಲ್ಲಿ ಯಾರೂ ಇರಲಿಲ್ಲ.