ಪ್ರೊಫೆಸರ್ ಹ್ಯಾಲೋವೆಲ್ಲರ ಕೆಮ್ಮು

ಪಿನ್ನಾಕನ ಬಾಯಿಂದ ಪ್ರೊಫೆಸರ್ ಹ್ಯಾಲೋವೆಲ್ ಕೆಮ್ಮಿದರು. ಎರಡು ಸಣ್ಣ ಕೆಮ್ಮು, ನಡುವೆ ಮೂಗಿನಲ್ಲೊಂದು ನಿಟ್ಟುಸಿರು. ತಗಡಿನ ಮಾಡಿನ ಕೆಳಗೆ ಬೇಯುತ್ತಿದ್ದ ತರಗತಿ ನಗಲಿಲ್ಲ, ಪೆನ್ನಿನ ಮುಚ್ಚಳ ತೆಗೆಯಿತು.

“ಎಂಟನೆಯ ಹೆನ್ರಿ ಮಹಾಪ್ರಭುಗಳು ಮಠಗಳನ್ನು ವಿಸರ್ಜಿಸಿದ್ದಕ್ಕೆ ಕಾರಣಗಳು ಬಹುವಿಧ,” ಎಂದ ಪಿನ್ನಾಕ್, ಹ್ಯಾಲೋವೆಲ್ಲರ ಗಂಟಲಿನಲ್ಲಿ. “ಪೂರ್ಣವಿರಾಮ.”

ಮೊದಮೊದಲು ವಿದ್ಯಾರ್ಥಿಗಳು ನಗುತ್ತಿದ್ದರು. ದ್ವೀಪದ ಈ ಪುಟ್ಟ ವಿಶ್ವವಿದ್ಯಾಲಯದ ಇತಿಹಾಸ ವಿಭಾಗದಲ್ಲಿ ಇದ್ದವರೇ ಇಬ್ಬರು: ‘ಇತಿ’ಯೆಲ್ಲ ಪ್ರೊಫೆಸರರದು, ‘ಹಾಸ’ ಮಾತ್ರ ಸಹಾಯಕ ಲಿಂಡೆನ್ ಪಿನ್ನಾಕನದು. ಪ್ರತಿ ಏಪ್ರಿಲ್‌ನಲ್ಲಿ ಪ್ರೊಫೆಸರು ಪರೀಕ್ಷಕರ ಸಭೆಗೆಂದು ಲಂಡನ್ನಿನ ಹಡಗು ಹತ್ತುತ್ತಿದ್ದರು. ಉಳಿದ ಪಾಠಗಳನ್ನು ಅವರ ಟಿಪ್ಪಣಿಯಿಂದ ಪಿನ್ನಾಕ್ ಓದಿ ಬರೆಸಬೇಕು. ಒಂದು ಸಲ ಬೇಸರ ತಾಳದೆ ಅವರ ದನಿಯನ್ನೂ ಅನುಕರಿಸಿಬಿಟ್ಟ. ಆ ವರ್ಷ ಉತ್ತರಪತ್ರಿಕೆಗಳು ಎಂದಿನಂತೆ ಬಾಳೆಹಣ್ಣಿನ ಹಡಗಿನಲ್ಲಿ ಲಂಡನ್ನಿಗೆ ಹೋದವು. ಆಗಸ್ಟಿನಲ್ಲಿ ತಂತಿ ಬಂತು: ಇತಿಹಾಸದಲ್ಲಿ ಒಬ್ಬರೂ ನಪಾಸಿಲ್ಲ. ಪಕ್ಕದ ಲ್ಯಾಟಿನ್ ವಿಭಾಗ ಎಂದಿನಂತೆ ಶೋಕ ಆಚರಿಸಿತು.

“ಪರೀಕ್ಷೆ ಹಾಲಲ್ಲಿ ಆ ದನಿ ಕಿವೀಲಿ ಕೂತ್ಕೊಂಡ್ ಹೇಳತ್ತೆ ಸಾರ್, ಕೈ ತಾನಾಗೇ ಬರೆಯತ್ತೆ,” ಎಂದಿದ್ದಳು ಮರ್ಲೀನ್ ಎಂಬ ವಿದ್ಯಾರ್ಥಿನಿ. ಅಲ್ಲಿಂದ ಅದೂ ವಿಭಾಗದ ವಾರ್ಷಿಕ ಕೆಲಸವಾಯಿತು. ಅಕ್ಟೋಬರಿನಲ್ಲಿ ಪಾಠ, ಜನವರಿಯಲ್ಲಿ ಪ್ರಶ್ನೆಗಳನ್ನು ಒಪ್ಪಿಗೆಗೆ ಲಂಡನ್ನಿಗೆ ಕಳಿಸುವುದು, ಏಪ್ರಿಲಿನಲ್ಲಿ ಕೆಮ್ಮು, ಜೂನಿನಲ್ಲಿ ಪರೀಕ್ಷೆ.

ತರಗತಿ ಮುಗಿಸಿ ಹೊರಬಂದವನಿಗೆ ಕಚೇರಿಯ ಮಿಸ್ ಝೆಲ್ಮಾ ಎದುರಾದಳು.

“ಏನಯ್ಯಾ ಹ್ಯಾಲೋವೆಲ್ ಮರಿ, ಹಡಗು ಬಂತು. ದೊಡ್ಡ ಹ್ಯಾಲೋವೆಲ್ ಇಳಿದ್ರು. ಜೊತೆಗೆ ಲಂಡನ್ನಿನ ಪರೀಕ್ಷಕ ಡಾಕ್ಟರ್ ಪೆಂಬರ್ಟನ್. ನಾಳೆ ಸಂಜೆ ನಿನ್ ಪಾಠ ಕೇಳ್ತಾರಂತೆ.”

“ನಾಳೇನೇ?”

“ಯಾಕೆ, ನಿಮ್ಮಜ್ಜಿ ಗೆಣಸು ಇನ್ನೂ ಬೆಂದಿಲ್ವಾ?” ಅವಳು ಕಣ್ಣು ಮಿಟುಕಿಸಿದಳು. ಆಮೇಲೆ ದನಿ ತಗ್ಗಿಸಿ, “ನೋಡು ಲಿಂಡೆನ್, ನಾಳೆ ನಿನ್ ದನೀಲೇ ಮಾತಾಡು. ಎಲ್ಲಿಟ್ಟಿದೀಯೋ ಹುಡುಕ್ಕೋ,” ಎಂದಳು.

ಪಿನ್ನಾಕನಿಗೆ ಬೇಕಾಗಿದ್ದುದು ಒಂದೇ ಒಂದು ಪಾಠ, ತನ್ನದು. ಗುಲಾಮರಿಗೆ ಒಡೆಯರು ಬಿಟ್ಟುಕೊಟ್ಟಿದ್ದ ಕಲ್ಲುಗುಡ್ಡದಲ್ಲಿ ಗೆಣಸು ಬೆಳೆದು, ಭಾನುವಾರ ತಲೆಯ ಮೇಲೆ ಹೊತ್ತು ತಂದು ಮಾರಿ, ಇಡೀ ದ್ವೀಪಕ್ಕೆ ಉಣಿಸಿದ ಹೆಂಗಸರ ಚರಿತ್ರೆ. ಲಂಡನ್ ವರ್ಷವರ್ಷವೂ ‘ಆಕರಗಳು ಸಾಲವು’ ಎಂದು ತಳ್ಳುತ್ತ ಬಂದಿತ್ತು. ಈ ಸಲ ಮಾದರಿ ಪಾಠ ಕೇಳಲು ಒಪ್ಪಿದೆ. ಮೆಚ್ಚಿದರೆ ಅಕ್ಟೋಬರಿನಿಂದ ಪಾಠ ಅವನದು. ಇಲ್ಲವಾದರೆ ಸಾಯುವ ತನಕ ಎಂಟನೆಯ ಹೆನ್ರಿಯ ಸಂಸಾರ.

ಶುರುವಿನ ಮಾತು ಬಾಯಿಪಾಠವಾಗಿತ್ತು: ‘ನಮ್ಮಜ್ಜಿ ಸಂತೇಲಿ ಹೆಗ್ಗೆಣಸು ಮಾರ್ತಾಳೆ. ಅವಳಜ್ಜೀನೂ ಮಾರ್ತಿದ್ಲು. ನಿಮ್ಮ ಹೆನ್ರಿಯ ಟ್ಯೂಡರ್ ಮನೆತನಕ್ಕಿಂತ ಜಾಸ್ತಿ ಕಾಲ ನಡೆದಿರೋ ವಂಶ ಇದು.’

ಮರುದಿನ ಸಭಾಂಗಣದಲ್ಲಿ ಪೆಂಬರ್ಟನ್ ಟೋಪಿಯಿಂದ ಗಾಳಿ ಹಾಕಿಕೊಳ್ಳುತ್ತ ಮುಂದಿನ ಸಾಲಿನಲ್ಲಿ ಕೂತಿದ್ದರು, ಪಕ್ಕದಲ್ಲಿ ಹ್ಯಾಲೋವೆಲ್. ಗೋಡೆಯ ಮೇಲೆ ಹೊಸ ರಾಣಿಯ ಚಿತ್ರ, ಅದರ ಸುತ್ತ ತೀರಿಹೋದ ರಾಜನ ದೊಡ್ಡ ಚೌಕಟ್ಟು ಬಿಟ್ಟ ಬಿಳಿ ಅಂಚು. ಪಿನ್ನಾಕ್ ಮೇಜಿನ ಹಿಂದೆ ನಿಂತ. ಬಾಯಿ ತೆರೆದ.

ಎರಡು ಸಣ್ಣ ಕೆಮ್ಮು, ನಡುವೆ ನಿಟ್ಟುಸಿರು.

ಹ್ಯಾಲೋವೆಲ್ ತಲೆಯೆತ್ತಿದರು.

“ನನ್ನ ಮಾತಾಮಹಿಯವರು,” ಎಂದಿತು ದನಿ, “ಕಂದಮೂಲಗಳ ವ್ಯಾಪಾರದಲ್ಲಿ ತೊಡಗಿರುತ್ತಾರೆ.”

ಪಿನ್ನಾಕ್ ನೀರು ಕುಡಿದ. ಕತ್ತಿನ ಗುಂಡಿ ಬಿಚ್ಚಿದ. ಅಜ್ಜಿಯ ಮುಖ ನೆನೆದು ಮತ್ತೆ ಶುರುಮಾಡಿದ.

“ಅವರ ಮಾತಾಮಹಿಯವರೂ ಸಹ. ಪೂರ್ಣವಿರಾಮ.”

ಹಿಂದಿನ ಸಾಲುಗಳಲ್ಲಿ ಪೆನ್ನಿನ ಮುಚ್ಚಳಗಳು ಕಳಚಿದ ಸದ್ದು. ಮರ್ಲೀನ್ ತಲೆ ತಗ್ಗಿಸಿ ಬರೆಯತೊಡಗಿದ್ದಳು. ಅವನು ನಿಲ್ಲಿಸಿದರೆ ಅವಳ ಕೈ ನಿಲ್ಲುತ್ತಿತ್ತು, ಕಾಯುತ್ತಿತ್ತು. ಸಂತೆಯ ಹೆಂಗಸರು ಬಹುವಿಧ ಕಾರಣಗಳ ಹಿಂದೆ ಒಬ್ಬೊಬ್ಬರಾಗಿ ಮರೆಯಾದರು.

“ಅದ್ಭುತ, ಹ್ಯಾಲೋವೆಲ್!” ಪಾಠ ಮುಗಿದಾಗ ಪೆಂಬರ್ಟನ್ ಎದ್ದರು. “ಕಣ್ಣು ಮುಚ್ಚಿ ಕೂತರೆ ಸಾಕ್ಷಾತ್ ನೀವೇ! ಇಂಥವರನ್ನು ಗೆಣಸಿಗೆ ವ್ಯಯಿಸುವುದು ಅನ್ಯಾಯ. ಟ್ಯೂಡರರನ್ನು ಇಡಿಯಾಗಿ ಇವರಿಗೇ ವಹಿಸಿ ನೀವು ನಿಶ್ಚಿಂತರಾಗಿ ನಿವೃತ್ತರಾಗಿ.” ಪಿನ್ನಾಕನ ಬೆನ್ನು ತಟ್ಟಿ ಚಹಾದ ಕಡೆ ನಡೆದರು.

ಹ್ಯಾಲೋವೆಲ್ ಮಾತ್ರ ಅಲ್ಲೇ ನಿಂತರು. ಬೈಯುತ್ತಾರೆಂದು ಪಿನ್ನಾಕ್ ಕಾದ.

“ಆ ಕೆಮ್ಮು,” ಎಂದರು ಮುದುಕರು ಮೆಲ್ಲಗೆ, “ನನ್ನ ಪ್ರೊಫೆಸರರದು. ಅವರಿಗೆ ಉಬ್ಬಸವಿತ್ತು. ನನಗಿಲ್ಲ.”

ಶನಿವಾರ ಬೆಳಿಗ್ಗೆ ಪಿನ್ನಾಕ್ ಸಂತೆಗೆ ಹೋದ. ಅಜ್ಜಿ, ಸಂತೆಯವರೆಲ್ಲರ ಮಿಸ್ ಎಥ್ಲಿನ್, ಎಂದಿನ ಕಂಬದ ಬುಡದಲ್ಲಿ ಗೋಣಿ ಹಾಸಿ ಕೂತಿದ್ದಳು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಗೆಣಸನ್ನು ಅಂಗೈಯಲ್ಲೇ ತೂಗಿ ಮಾರುವಳು, ಗಿರಾಕಿಯನ್ನು ದನಿಯಿಂದಲೇ ಗುರುತು ಹಿಡಿಯುವಳು. ಅವನು ಮುಂದೆ ಕುಕ್ಕರುಗಾಲಲ್ಲಿ ಕೂತ. ಏನಾದರೂ ಅನ್ನಬೇಕು, ಏನಾದರೂ ಸಣ್ಣದು.

“ಹೇಗಿದ್ದೀರಿ?” ಎಂದ.

ಅಜ್ಜಿ ತಟ್ಟನೆ ಬೆನ್ನು ನೆಟ್ಟಗೆ ಮಾಡಿ, ತಲೆಗೆ ಕಟ್ಟಿದ ವಸ್ತ್ರ ಸರಿಪಡಿಸಿಕೊಂಡಳು.

“ಬನ್ನಿ ಸಾಹೇಬ್ರೇ, ಬನ್ನಿ. ಗುಡ್ಡದ ಮೇಗ್ಲ ಕಾಲೇಜ್ನೋರಾ? ನಮ್ ಮೊಮ್ಮಗ್ನೂ ಅಲ್ಲೇ ಮೇಷ್ಟ್ರು. ಲಿಂಡೆನ್ ಅಂತ. ಬಲೇ ಮಾತುಗಾರ, ನಿಮ್ಗೆ ಗೊತ್ತಿರ್ಬೇಕಲ್ಲಾ?”

ಪಿನ್ನಾಕ್ ತಲೆಯಾಡಿಸಿದ. ಅದು ಅವಳಿಗೆ ಕಾಣಲಿಲ್ಲ. ಅಜ್ಜಿ ಇರುವುದರಲ್ಲೇ ಒಳ್ಳೆಯ ಗೆಣಸೊಂದನ್ನು ಆರಿಸಿ, ಹೆಬ್ಬೆರಳಿನಿಂದ ಅದರ ಮಣ್ಣು ಒರೆಸುತ್ತ, ಉತ್ತರಕ್ಕಾಗಿ ಕಿವಿಯನ್ನು ಅವನತ್ತ ವಾಲಿಸಿ ಕೂತಳು.