ವೈಜನಾಥನ ಹೆಜ್ಜೆ

ಗುರುಶಾಂತನ ಹಾಡಿನ ಕಂಪನಿ ಎಂದರೆ ಹುಮನಾಬಾದಿನ ಮೊಬೈಲ್ ಅಂಗಡಿಯೊಂದರ ಮೇಲಿನ ಒಂದೇ ಕೋಣೆ. ಗೋಡೆಗೆ ಹಳೆಯ ಕೌದಿ ಹೊಡೆದು, ಮೈಕು ನಿಲ್ಲಿಸಿ, ನನ್ನಿಂದ ಹಾಡಿಸಿ ಯೂಟ್ಯೂಬಿಗೆ ಹಾಕುತ್ತಿದ್ದ. ಪೋಲಿಯೋದಿಂದ ನನ್ನ ಎಡಗಾಲು ಚಿಕ್ಕಂದಿನಿಂದಲೇ ಸೊಟ್ಟ. ಆಗ ನನ್ನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಶಾಲೆಗೆ ಒಯ್ದವನೂ ಇದೇ ಗುರುಶಾಂತ. ಅವನನ್ನು ನಂಬದೆ ಇನ್ಯಾರನ್ನು ನಂಬಲಿ?

ಹೋದ ವರ್ಷದ ಹಾಡು ಹುಚ್ಚು ಹಿಡಿಸಿತು. ಸುತ್ತಲಿನ ಹುಡಗಿ, ಮುಡಬಿ, ಚಿಟಗುಪ್ಪ ಊರುಗಳಲ್ಲಿ ಎಲ್ಲಿ ಮದುವೆಯಾದರೂ ಡಿಜೆಯಲ್ಲಿ ಅದೇ. ನನ್ನ ದನಿಗೆ ಜನ ಕುಣಿಯುತ್ತಾರೆಂದು ಮೀಸೆ ತಿರುವಿದ್ದೇ ತಿರುವಿದ್ದು. ಒಂದು ದಿನ ಮಗಳು ಮನೀಷಾ ಮುಖ ಸಣ್ಣದು ಮಾಡಿಕೊಂಡು ಫೋನ್ ತೋರಿಸಿದಳು. ಅಲ್ಲಿಯವರೆಗೆ ನಾನು ನೋಡಿಯೇ ಇರದ ಹಾಡಿನ ವಿಡಿಯೊದಲ್ಲಿ ನಾನು! ಬಸ್‌ಸ್ಟ್ಯಾಂಡಿನ ಕಡೆ ಕುಂಟುತ್ತ ಹೊರಟಿದ್ದೇನೆ, ನನಗೆ ಗೊತ್ತಿಲ್ಲದಂತೆ ಹಿಂದಿನಿಂದ ತೆಗೆದದ್ದು. ಕುಂಟಿದಾಗೆಲ್ಲ ಒಂದು ಡೋಲಿನ ಪೆಟ್ಟು ಕೂಡಿಸಿದ್ದಾನೆ ಗುರುಶಾಂತ, ಹಲ್ಕಟ್! ಕೆಳಗೆ ಹುಡುಗರು ಅದನ್ನೇ ಅಣಕಿಸಿ ಕುಣಿದ ನೂರಾರು ವಿಡಿಯೊ. ಊರೆಲ್ಲ ಕುಣಿದದ್ದು ನನ್ನ ದನಿಗಲ್ಲ, ಕುಂಟುಗಾಲಿಗೆ.

ನೇರ ಅವನ ಕೋಣೆಗೇ ಹೋದೆ.

"ಯಾಕೋ ಗುರ್ಯಾ, ನಗಸ್ಲಾಕ ನಿನಗ ನನ್ನ ಕಾಲೇ ಸಿಕ್ಕಿತೇನು?"

"ಸಿಟ್ಟ ಮಾಡಬ್ಯಾಡೋ ವೈಜ್ಯಾ. ಜನ ಪ್ರೀತಿಲೆ ಕುಣ್ಯಾಕತ್ತಾರ. ಕಂಪನಿ ಈಗರ ಕಣ್ಣ ತೆರದದ."

"ಮನೀಷಾನ ಮದುವಿ ಅದ. ಬೀಗರ ಮುಂದ ಯಾರೂ ನನ್ನ ಕಾಲ ನೋಡಿ ನಗಬಾರ್ದು. ತೆಗಿತಿಯೋ ಇಲ್ಲೋ?"

"ತೆಗಿತೀನಿ. ಆಕಿ ನನಗೂ ಮಗಳೇ. ಮದುವಿ ಡಿಜೆ ನಾನೇ ತರ್ತೀನಿ, ಆ ಹಾಡ ಹಚ್ಚಂಗಿಲ್ಲ. ನಿನ್ನಾಣಿ."

ಆಣೆ ಕೇಳಿ ಕರಗಿಬಿಟ್ಟೆ.

ಮದುವೆ ಬಸವಕಲ್ಯಾಣದಲ್ಲಿ. ಮದುಮಗನ ಮೆರವಣಿಗೆ ಮಂಟಪದ ಮುಂದೆ ಬಂದಾಗ ಅವನ ಗೆಳೆಯರು ಆ ಹಾಡೇ ಬೇಕೆಂದು ಚೀರಿದರು. ಗುರುಶಾಂತ ಡಿಜೆ ಗಾಡಿಯ ಮೇಲಿಂದ ಕಂಪನಿಯ ಹೆಸರು ಕೂಗಿ ಅದನ್ನೇ ಹಚ್ಚಿದ. ಹುಡುಗರು ಕುಂಟಿದರು. ಬೀಗರೂ ಕುಂಟಿದರು. ಕುದುರೆಯ ಮೇಲೆ ಅಳಿಯ ನಗುತ್ತಿದ್ದ.

ನನಗೆ ಮೈಯೆಲ್ಲ ಉರಿದುಹೋಯಿತು. ಹಾಡು ನಿಲ್ಲಿಸಲೆಂದು ಗಾಡಿಯ ಕಡೆ ನಡೆದೆ. ಜನ ಸಿಳ್ಳೆ ಹೊಡೆದು ದಾರಿ ಬಿಟ್ಟರು.

"ಖರೇ ಮನಷಾ ಬಂದಾನ ನೋಡ್ರಿ! ಹೆಜ್ಜಿ ಅಂದ್ರ ಇದು!" ಮೈಕಿನಲ್ಲಿ ಗುರುಶಾಂತನ ದನಿ. ಅವನ ಇನ್ನೊಂದು ಕೈಯಲ್ಲಿ ಫೋನು, ನನ್ನ ಕಾಲಿನ ಕಡೆಗೇ ಹಿಡಿದಿದ್ದ.

"ಬಂದ್ ಮಾಡೋ!" ಎಂದು ಚೀರಿದೆ. ಯಾರಿಗೂ ಕೇಳಲಿಲ್ಲ. ಇನ್ನೊಂದು ಹೆಜ್ಜೆ ಇಟ್ಟೆ. "ಹೋ!" ಎಂದು ಕೇಕೆ ಹಾಕಿದರು. ನಾನು ನಡೆದರೆ ಅವರಿಗೆ ಅದೇ ಕುಣಿತ. ನಡುಬೀದಿಯಲ್ಲಿ ನಿಂತುಬಿಟ್ಟೆ.

ಮಂಟಪದ ಬಾಗಿಲಿಗೆ ಮನೀಷಾ ಬಂದು, ಅಳುತ್ತ ಕೈಮಾಡಿ ನನ್ನನ್ನು ಕರೆಯುತ್ತಿದ್ದಳು. ಅವಳ ಹತ್ತಿರ ಹೋಗಲಿಕ್ಕೂ ನಾನು ನಡೆಯಲೇಬೇಕಿತ್ತು.